ಮಕ್ಕಳ ಮನಸ್ಸಿಗೂ ಸಂಘದ ಶಿಬಿರದಲ್ಲೊಂದು ಮೇಜು ಬೇಕು

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಿಗೆ ಆರೋಗ್ಯ ಶಿಬಿರ ಹೊಸದಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಣ್ಣು, ಹಲ್ಲು ಎಲ್ಲಕ್ಕೂ ಒಂದೊಂದು ಮೇಜು ಇರುತ್ತದೆ. ಹೆಚ್ಚು ಅಂಕ ಪಡೆದವರಿಗೆ ಪ್ರತಿಭಾ ಪುರಸ್ಕಾರವೂ ನಡೆಯುತ್ತದೆ. ಇವೆಲ್ಲ ಶ್ಲಾಘನೀಯ. ಆದರೆ ಅಂಕ ಬಾರದೆ ಕುಗ್ಗಿಹೋದ, ರಾತ್ರಿ ನಿದ್ದೆಯಿಲ್ಲದ, ಶಾಲೆಗೆ ಹೋಗಲು ಒಲ್ಲೆನೆನ್ನುವ ಮಗುವಿಗೆ ಮೇಜು ಎಲ್ಲಿದೆ?

ಇಂಥ ಮಕ್ಕಳು ಬೆರಳೆಣಿಕೆಯವರಲ್ಲ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಮಾನಸಿಕ ತೊಂದರೆಯಿತ್ತು. ಮಹಾನಗರಗಳಲ್ಲಿ ಈ ಪ್ರಮಾಣ ಶೇ. 13.5.

ದೊಡ್ಡಾಸ್ಪತ್ರೆಗೆ ಅಲೆಯದೆ ಮನೆಯ ಸಮೀಪದಲ್ಲೇ ನೆರವು ಸಿಗಬಹುದೆಂದು ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿತು. ಕಾರ್ಯಕರ್ತರು ಲಕ್ಷಣ ಗುರುತಿಸುವುದು, ವೈದ್ಯರು ಚಿಕಿತ್ಸೆ ಕೊಡುವುದು, ಕಠಿಣವಾದುದನ್ನು ತಜ್ಞರಿಗೆ ಒಪ್ಪಿಸುವುದು ಅಲ್ಲಿನ ಕ್ರಮ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು.

ಮುಂಬಯಿಯಲ್ಲಿ ತಜ್ಞರಿಗೆ ಬರವಿಲ್ಲ, ತೊಡಕು ಬೇರೆ. ಮಗು ಸಲಹೆಗಾರರೊಡನೆ ಇಂಗ್ಲಿಷಿನಲ್ಲಿ ಮಾತಾಡೀತು, ಆದರೆ ತಾಯಿಗೆ ಸಂಕಟ ತೋಡಿಕೊಳ್ಳಲು ಕನ್ನಡವೋ ತುಳುವೋ ಬೇಕು. ಮನೆಯವರ ಸಹಕಾರವಿಲ್ಲದೆ ಮಗುವಿನ ಚಿಕಿತ್ಸೆ ಮುಂದೆ ಸಾಗದು. ಎರಡನೆಯದು, ‘ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆ. ಎಲ್ಲರಿಗೂ ಎಲ್ಲರ ಪರಿಚಯವಿರುವ ಸಂಘದಲ್ಲಿ ಈ ಅಂಜಿಕೆ ಇನ್ನೂ ಹೆಚ್ಚು.

ಆದುದರಿಂದ ಶಿಬಿರದ ಮೇಜು ಸಭಾಗೃಹದ ನಡುವೆ ಬೇಡ, ಪ್ರತ್ಯೇಕ ಕೋಣೆಯಲ್ಲಿರಲಿ. ಕೂರುವವರು ಪದಾಧಿಕಾರಿಗಳಲ್ಲ, ಕನ್ನಡ ಬಲ್ಲ ಅರ್ಹ ಆಪ್ತ ಸಲಹೆಗಾರರಾಗಿರಲಿ. ಹೆಸರು ಬರೆದ ಪಟ್ಟಿ ಸಂಘದ ಕಚೇರಿಗೆ ಬರಬಾರದು. ರೋಗಿಯ ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಆದೇಶವೂ ಹೌದು. ಮಹಿಳಾ ಮತ್ತು ಯುವ ವಿಭಾಗದ ಕೆಲವರು ಲಕ್ಷಣ ಗುರುತಿಸುವ ತರಬೇತಿ ಪಡೆಯಲಿ. ಅವರ ಕೆಲಸ ದಾರಿ ತೋರುವುದು, ಚಿಕಿತ್ಸೆಯಲ್ಲ.

ಶಿಬಿರಕ್ಕೆ ಕಾಯಲಾಗದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಉಚಿತ, ಹಗಲಿರುಳು ಲಭ್ಯ, ಕನ್ನಡದಲ್ಲೂ ಮಾತನಾಡಬಹುದು. ಮುಂದಿನ ಪ್ರತಿಭಾ ಪುರಸ್ಕಾರದ ಆಮಂತ್ರಣ ಪತ್ರಿಕೆಯಲ್ಲಿ ಈ ಸಂಖ್ಯೆಯನ್ನೂ ಅಚ್ಚು ಹಾಕಿಸಿದರೆ ಸಂಘಕ್ಕೆ ಖರ್ಚೇನೂ ಹೆಚ್ಚದು. ವೇದಿಕೆ ಏರದ ಮಗುವಿನ ಮನೆಗೂ ಆ ಪತ್ರಿಕೆ ತಲುಪುತ್ತದೆ.