ಕ್ರೋಶಾ ಟಾಪ್: ಒಂದೊಂದು ಕುಣಿಕೆಗೂ ಒಂದು ಲೆಕ್ಕ

ಕ್ರೋಶಾ ಎಂದೊಡನೆ ಹಿಂದಿನ ತಲೆಮಾರಿನವರಿಗೆ ನೆನಪಾಗುವುದು ಟೀವಿ ಪೆಟ್ಟಿಗೆಯ ಮೇಲಿನ ಹೊದಿಕೆ, ಬಾಗಿಲ ತೋರಣ, ಎಳೆಯ ಮಗುವಿನ ಕುಲಾವಿ. ಇಂದಿನ ಕಾಲೇಜು ಹುಡುಗಿಯರಿಗೆ ಅದು ಬೇರೆಯೇ ರೂಪದಲ್ಲಿ ಪರಿಚಯ: ಮಣಿಕಟ್ಟಿನವರೆಗೆ ತುಂಬು ತೋಳು, ತೆರೆದ ಬೆನ್ನು, ಹಿಂದೆ ಕಟ್ಟಿಕೊಳ್ಳಲು ದಾರವಿರುವ ಟಾಪ್.

ಬೆಂಗಳೂರಿನ ಉತ್ತರಕ್ಕಿರುವ ಬ್ಯಾಟರಾಯನಪುರದಲ್ಲಿ ಈ ಎರಡು ಲೋಕಗಳೂ ಅಕ್ಕಪಕ್ಕದಲ್ಲೇ ಇವೆ. 2007ರಲ್ಲಿ ಮಹಾನಗರಕ್ಕೆ ಸೇರುವವರೆಗೂ ಇದು ತನ್ನದೇ ನಗರಸಭೆಯಿದ್ದ ಊರು. 2023ರಲ್ಲಿ ಬಳ್ಳಾರಿ ರಸ್ತೆಯ ಬದಿಗೆ ಮಾಲ್ ಆಫ್ ಏಷ್ಯಾ ಎಂಬ ಭಾರಿ ಮಳಿಗೆ ಸಂಕೀರ್ಣ ಬಾಗಿಲು ತೆರೆಯಿತು. ಒಳಗಿನ ಬೀದಿಗಳಲ್ಲಾದರೋ, ಬೆಂಗಳೂರಿನ ಉಳಿದ ಬಡಾವಣೆಗಳಂತೆಯೇ, ಮನೆಯಲ್ಲೇ ಕುಳಿತು ಸೀರೆ ಸೆರಗಿಗೆ ಕ್ರೋಶಾ ಕುಚ್ಚು ಹಾಕಿಕೊಡುವ ಗೃಹಿಣಿಯರಿದ್ದಾರೆ. ಗಾಜಿನ ಹಿಂದಿನ ಟಾಪ್‌ಗೂ ಸೀರೆಯ ಕುಚ್ಚಿಗೂ ಬೇಕಾದ ಸಾಧನ ಒಂದೇ: ತುದಿಯಲ್ಲಿ ಪುಟ್ಟ ಕೊಕ್ಕೆಯಿರುವ ಒಂದು ಕಡ್ಡಿ.

ಮಗಳು ಇಂಥ ಟಾಪ್ ತಾನೇ ಹೆಣೆಯುತ್ತೇನೆಂದು ಹಟ ಹಿಡಿದರೆ ಹೆತ್ತವರಿಂದ ಎರಡು ಆಕ್ಷೇಪಗಳು ಬರುವುದು ಸಹಜ. ‘ಪರೀಕ್ಷೆಯ ಹೊತ್ತಿನಲ್ಲಿ ಇದೆಲ್ಲ ಏಕೆ?’ ಎಂಬುದು ಮೊದಲನೆಯದು. ‘ಬೆನ್ನು ಅಷ್ಟು ತೆರೆದಿರಬೇಕೇ?’ ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಅಳತೆ ಟೇಪು ಮತ್ತು ಕಾಗದ-ಪೆನ್ಸಿಲ್ಲಿನಲ್ಲಿದೆ.

ಯಂತ್ರಕ್ಕೆ ಒಲಿಯದ ವಿದ್ಯೆ

ಎರಡು ಕಡ್ಡಿಗಳ ಉಲ್ಲನ್ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಏಕಕಾಲಕ್ಕೆ ಕಡ್ಡಿಯ ಮೇಲಿರುತ್ತವೆ. ಅದನ್ನು ಯಂತ್ರ ಬಹಳ ಹಿಂದೆಯೇ ಕಲಿಯಿತು. ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ರೂಪಿಸಿದ್ದು 1589ರಲ್ಲಿ. ಇಂದು ನಾವು ತೊಡುವ ಬನಿಯನ್, ಟೀ ಶರ್ಟುಗಳೆಲ್ಲ ಆ ಯಂತ್ರದ ಸಂತತಿ.

ಕ್ರೋಶಾದ ರೀತಿಯೇ ಬೇರೆ. ಇಲ್ಲಿ ಒಂದು ಕುಣಿಕೆಯನ್ನು ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗಬೇಕು. ಕೊಕ್ಕೆಯನ್ನು ಹಿಂದಿನ ಸಾಲಿನ ಸರಿಯಾದ ಕಿಂಡಿಗೆ ತೂರಿಸಿ, ದಾರ ಸುತ್ತಿ, ಹೊರಗೆಳೆಯಬೇಕು. ಈ ಕಿಂಡಿಯನ್ನು ಹುಡುಕುವ ಕೆಲಸ ಬೆರಳಿಗೆ ಸುಲಭ, ಯಂತ್ರಕ್ಕೆ ಕಷ್ಟ. ಕಾರ್ಖಾನೆಯ ‘ಕ್ರೋಶಾ ಯಂತ್ರ’ದಿಂದ ಬರುವ ಬಟ್ಟೆ ನೋಡಲು ಹಾಗೆ ಕಂಡರೂ ನಿಜದಲ್ಲಿ ಬೇರೆ ಬಗೆಯ ಹೆಣಿಗೆ. ಆದ್ದರಿಂದ ಅಂಗಡಿಯಲ್ಲಿರುವ ಟಾಪ್ ನಿಜವಾದ ಕ್ರೋಶಾ ಆಗಿದ್ದರೆ, ಅದರ ಪ್ರತಿಯೊಂದು ಕುಣಿಕೆಯನ್ನೂ ಯಾರೋ ಒಬ್ಬರು ಕೈಯಿಂದಲೇ ಹಾಕಿದ್ದಾರೆ ಎಂದೇ ಅರ್ಥ.

ಮೊದಲು ಮಾದರಿ ತುಂಡು

ಹೊಸದಾಗಿ ಕಲಿಯುವವರು ನೇರವಾಗಿ ಟಾಪ್‌ಗೆ ಕೈಹಾಕಿ ಸೋಲುತ್ತಾರೆ. ಒಬ್ಬೊಬ್ಬರ ಕೈ ಬಿಗಿ ಒಂದೊಂದು ಬಗೆ. ಅದಕ್ಕಾಗಿ ಮೊದಲು 10 ಸೆಂ.ಮೀ.ಗಿಂತ ತುಸು ದೊಡ್ಡದಾದ ಚೌಕವೊಂದನ್ನು ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಎಣಿಸಬೇಕು. ಪ್ರಯೋಗಶಾಲೆಯಲ್ಲಿ ಉಪಕರಣದ ಅಳತೆ ಸರಿಯಿದೆಯೇ ಎಂದು ಮೊದಲು ನೋಡಿಕೊಳ್ಳುವುದಿಲ್ಲವೇ, ಹಾಗೆ.

ಮಧ್ಯಮ ದಪ್ಪದ ಹತ್ತಿ ನೂಲು, 3.5 ಮಿ.ಮೀ. ಕಡ್ಡಿ, ಡಬಲ್ ಕ್ರೋಶಾ ಕುಣಿಕೆ ಎಂದಿಟ್ಟುಕೊಳ್ಳೋಣ. 10 ಸೆಂ.ಮೀ.ಗೆ 18 ಕುಣಿಕೆ, 10 ಸಾಲು ಬಂದಿತೆನ್ನೋಣ. ಮುಂಭಾಗದ ಅಗಲ 42 ಸೆಂ.ಮೀ. ಬೇಕಾದರೆ 42 × 1.8, ಅಂದರೆ ಸುಮಾರು 76 ಕುಣಿಕೆ. ಕೈ ತುಸು ಸಡಿಲವಾಗಿ 18ರ ಬದಲು 17 ಬಂದರೆ ಅದೇ 76 ಕುಣಿಕೆ 44.7 ಸೆಂ.ಮೀ. ಆಗುತ್ತದೆ. ಹಿಂದೆ-ಮುಂದೆ ಸೇರಿ ಸುತ್ತಳತೆಯಲ್ಲಿ 5 ಸೆಂ.ಮೀ.ಗೂ ಹೆಚ್ಚು ವ್ಯತ್ಯಾಸ! ಹತ್ತು ಸೆಂ.ಮೀ.ನಲ್ಲಿ ಒಂದೇ ಕುಣಿಕೆಯ ತಪ್ಪು ಇಡೀ ಉಡುಪನ್ನು ಜೋಲಾಡಿಸುತ್ತದೆ.

ಇನ್ನೊಂದು ಎಚ್ಚರಿಕೆ: ಅಮೆರಿಕನ್ನರು ಡಬಲ್ ಕ್ರೋಶಾ ಎನ್ನುವುದನ್ನೇ ಬ್ರಿಟಿಷರು ಟ್ರೆಬಲ್ ಎನ್ನುತ್ತಾರೆ. ಮೇಲೆ ಹೇಳಿದ್ದು ಅಮೆರಿಕನ್ ಹೆಸರು. ವಿನ್ಯಾಸ ಯಾವ ದೇಶದ್ದೆಂದು ನೋಡದೆ ಹೆಣೆದರೆ ತೋಳು ಮೊಣಕೈಗೇ ನಿಂತೀತು.

ತೋಳಿನಲ್ಲಿ ಸಮಾಂತರ ಶ್ರೇಢಿ

ಹತ್ತನೆಯ ತರಗತಿಯಲ್ಲಿ ಸಮಾಂತರ ಶ್ರೇಢಿ ಓದುವ ಮಕ್ಕಳು ‘ಇದರಿಂದೇನು ಉಪಯೋಗ?’ ಎಂದು ಕೇಳುವುದುಂಟು. ತುಂಬು ತೋಳು ಹೆಣೆದು ನೋಡಲಿ.

ಮಣಿಕಟ್ಟಿನ ಸುತ್ತ 20 ಸೆಂ.ಮೀ., ತೋಳಿನ ಮೇಲ್ಭಾಗದಲ್ಲಿ 32 ಸೆಂ.ಮೀ., ಉದ್ದ 45 ಸೆಂ.ಮೀ. ಬಿಡಿಸಿ ಹಾಸಿದರೆ ಇದೊಂದು ತ್ರಾಪಿಜ್ಯ. ಕೆಳಗೆ 36 ಕುಣಿಕೆ, ಮೇಲೆ 58 ಕುಣಿಕೆ, ಒಟ್ಟು 45 ಸಾಲು. ಏರಬೇಕಾದ್ದು 22 ಕುಣಿಕೆ. ಒಂದು ಸಲಕ್ಕೆ ಎರಡೂ ಅಂಚುಗಳಲ್ಲಿ ಒಂದೊಂದರಂತೆ ಎರಡು ಹೆಚ್ಚಿಸಿದರೆ 11 ಸಲ ಹೆಚ್ಚಿಸಬೇಕು. 45ನ್ನು 11ರಿಂದ ಭಾಗಿಸಿದರೆ 4, ಶೇಷ 1. ಅಂದರೆ ನಾಲ್ಕು ಸಾಲಿಗೊಮ್ಮೆ ಹೆಚ್ಚಿಸಿ, ಕೊನೆಯ ಒಂದು ಸಾಲನ್ನು ಹಾಗೆಯೇ ಹೆಣೆದರೆ ಲೆಕ್ಕ ಸರಿ. 36, 38, 40... 58: ಮೊದಲ ಪದ 36, ಸಾಮಾನ್ಯ ವ್ಯತ್ಯಾಸ 2, ಪದಗಳು 12.

ಹೆಚ್ಚಿಸುವ ಅವಸರದಲ್ಲಿ ಪ್ರತಿ ಸಾಲಿನಲ್ಲೂ ಕೆಲವು ಕುಣಿಕೆಗೊಂದರಂತೆ ಸೇರಿಸುತ್ತಾ ಹೋದರೆ ಬಟ್ಟೆ ಚಪ್ಪಟೆಯಾಗಿ ಕೂರದೆ ಕೋಳಿಜುಟ್ಟಿನ ಹೂವಿನಂತೆ ನಿರಿಗೆಗಟ್ಟುತ್ತದೆ. ಹೆಣೆಯುವವರಿಗೆ ಅದು ತಪ್ಪು. ಗಣಿತಜ್ಞೆಯೊಬ್ಬರಿಗೆ ಅದೇ ಸಂಪತ್ತಾಯಿತು. ಲಾಟ್ವಿಯಾ ಮೂಲದ ಡೈನಾ ತೈಮಿನಾ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇದೇ ಉಪಾಯದಿಂದ ಹೈಪರ್ಬೋಲಿಕ್ ಸಮತಲದ ಗಟ್ಟಿ ಮಾದರಿಯನ್ನು ಕ್ರೋಶಾದಲ್ಲಿ ಹೆಣೆದರು. ಅದಕ್ಕೂ ಮೊದಲಿನ ಕಾಗದದ ಮಾದರಿಗಳು ಬೇಗ ಹರಿದುಹೋಗುತ್ತಿದ್ದವು. ಈ ವಿಷಯವಾಗಿ ಅವರು ಬರೆದ ಪುಸ್ತಕಕ್ಕೆ 2012ರಲ್ಲಿ ಗಣಿತ ಪುಸ್ತಕಗಳಿಗೆ ಕೊಡುವ ಆಯ್ಲರ್ ಪ್ರಶಸ್ತಿ ಬಂದಿತು.

ತೆರೆದ ಬೆನ್ನಿನ ಭೌತಶಾಸ್ತ್ರ

ಈಗ ಬೆನ್ನಿನ ವಿಚಾರ. ಮಾಮೂಲಿ ಅಂಗಿಯಲ್ಲಿ ಎರಡು ಭುಜಗಳೂ ಹೊರಕ್ಕೆ ಜಾರದಂತೆ ಹಿಡಿದಿಡುವುದು ಬೆನ್ನಿನ ಬಟ್ಟೆ. ಅದನ್ನು ತೆಗೆದರೆ ಹಿಡಿತ ಹೋಯಿತು. ನಮ್ಮ ಉದಾಹರಣೆಯಲ್ಲಿ ಮುಂದೆ ಅಗಲ ಕತ್ತು. ಹಿಂದೆ ಸೊಂಟದ ಬಳಿ 14 ಸೆಂ.ಮೀ. ಎತ್ತರದ ಪಟ್ಟಿ, ಅಲ್ಲಿಂದ ಭುಜದವರೆಗೆ ಎರಡೂ ಬದಿಗೆ 6 ಸೆಂ.ಮೀ. ಅಗಲದ ಪಟ್ಟಿಗಳು, ನಡುವೆ 30 ಸೆಂ.ಮೀ. ಖಾಲಿ. ಟಾಪ್‌ನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ತೋಳುಗಳದೇ. ಆ ಭಾರ ಭುಜದ ಹೊರ ಅಂಚಿನಿಂದ ನೇತಾಡಿ, ಕಿರಿದಾದ ಪಟ್ಟಿಗಳನ್ನು ಹೊರಕ್ಕೂ ಕೆಳಕ್ಕೂ ಎಳೆಯುತ್ತದೆ.

ಹೆಂಚಿನ ಮನೆಯ ಮಾಡನ್ನು ನೆನೆಯಿರಿ. ಎರಡು ಇಳಿಜಾರುಗಳೂ ಹೊರಕ್ಕೆ ಸರಿಯದಂತೆ ತಡೆಯುವುದು ಅಡ್ಡತೊಲೆ. ಕತ್ತಿನ ಹಿಂದೆ ಕಟ್ಟುವ ದಾರ ಮಾಡುವುದೂ ಅದೇ ಕೆಲಸ. ಅದು ಬರೀ ಅಲಂಕಾರವಲ್ಲ. ಆದ್ದರಿಂದ ದಾರವನ್ನು ಸಾದಾ ಸರಪಳಿಯಾಗಿ ಬಿಡದೆ, ಅದರ ಮೇಲೆ ಇನ್ನೊಂದು ಸಾಲು ಬಿಗಿಯಾಗಿ ಹೆಣೆಯಬೇಕು. ಇಲ್ಲದಿದ್ದರೆ ಎಳೆದಷ್ಟೂ ಹಿಗ್ಗುತ್ತದೆ. ಬೆನ್ನಿನ ಒಳ ಅಂಚಿಗೂ ಹೀಗೊಂದು ಬಿಗಿ ಸಾಲು ಬೇಕು. ಒಗೆದ ಮೇಲೆ ಹಗ್ಗಕ್ಕೆ ನೇತುಹಾಕಬಾರದು. ನೀರು ಕುಡಿದ ಹತ್ತಿಯ ಭಾರಕ್ಕೆ ತೋಳು ಉದ್ದವಾಗುತ್ತದೆ. ಟವೆಲ್ ಮೇಲೆ ಹಾಸಿ ಒಣಗಿಸುವುದೇ ಸರಿ.

‘ಅಷ್ಟು ತೆರೆದಿರಬೇಕೇ?’ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಪಟ್ಟಿಗಳನ್ನು 6ರ ಬದಲು 12 ಸೆಂ.ಮೀ. ಮಾಡಿದರೆ 30 ಸೆಂ.ಮೀ. ಕಿಂಡಿ 18ಕ್ಕೆ ಇಳಿಯುತ್ತದೆ. ಒಂದರ ಬದಲು ಮೂರು ಕಡೆ ದಾರ ಕಟ್ಟಬಹುದು, ಒಳಗೊಂದು ತೆಳು ಉಡುಪು ತೊಡಬಹುದು. ಕೊಂಡ ಟಾಪ್‌ನಲ್ಲಿ ಬೇರೆಯವರು ನಿರ್ಧರಿಸಿದ ಬೆನ್ನು. ಹೆಣೆದದ್ದರಲ್ಲಿ ತೊಡುವವಳೇ ನಿರ್ಧರಿಸಿದ ಬೆನ್ನು. ಅಷ್ಟಕ್ಕೂ ಮದುವೆ ಮನೆಗಳಲ್ಲಿ ಆಳ ಬೆನ್ನಿನ, ಲಾಡಿ-ಕುಚ್ಚುಗಳ ರವಿಕೆಯನ್ನು ಮೆಚ್ಚಿಕೊಳ್ಳುವ ನಮಗೆ ಇದು ಪೂರ್ತಿ ಹೊಸದೇನಲ್ಲ.

ದುಡಿಮೆಗೆ ಬೆಲೆ ಎಷ್ಟು?

ಇನ್ನು ಕೊನೆಯ ಲೆಕ್ಕ. ಮುಂಭಾಗ, ಬೆನ್ನಿನ ಪಟ್ಟಿಗಳು, ಎರಡು ತೋಳು ಸೇರಿ ವಿಸ್ತೀರ್ಣ ಸುಮಾರು 5,170 ಚದರ ಸೆಂ.ಮೀ. ಒಂದು ಚದರ ಸೆಂ.ಮೀ.ಗೆ 1.8 ಕುಣಿಕೆಯಂತೆ ಸುಮಾರು 9,300 ಕುಣಿಕೆ. ಮಾದರಿ ತುಂಡನ್ನು ಬಿಚ್ಚಿ ದಾರ ಅಳೆದರೆ ಒಂದು ಕುಣಿಕೆಗೆ ಸುಮಾರು 6 ಸೆಂ.ಮೀ. ಬಂದಿತೆನ್ನಿ, ಒಟ್ಟು ನೂಲು 558 ಮೀಟರ್. ಅರ್ಧ ಕಿಲೋಮೀಟರಿಗೂ ಹೆಚ್ಚು!

ಪಳಗಿದ ಕೈ ನಿಮಿಷಕ್ಕೆ 12 ಕುಣಿಕೆ ಹಾಕಿದರೂ 775 ನಿಮಿಷ, ಅಂದರೆ 13 ಗಂಟೆ ಬೇಕು. ಕಲಿಯುವವರಿಗೆ ಅದರ ಎರಡರಷ್ಟು. ಜೋಡಣೆ, ಅಂಚು, ಬಿಚ್ಚಿ ಮತ್ತೆ ಹಾಕುವುದು ಬೇರೆ. ಗಂಟೆಗೆ ಕೇವಲ 60 ರೂಪಾಯಿ ಕೂಲಿ ಹಿಡಿದರೂ 780 ರೂಪಾಯಿ ದುಡಿಮೆಯೇ ಆಯಿತು. ಇದಕ್ಕೆ ನೂಲು, ಸಾಗಣೆ, ಅಂಗಡಿಯ ಬಾಡಿಗೆ, ಲಾಭ ಸೇರಬೇಕು. ಇಂಥ ಟಾಪ್ 999 ರೂಪಾಯಿಗೆ ಸಿಕ್ಕಿತೆಂದರೆ, ಹೆಣೆದ ಕೈಗೆ ಉಳಿದದ್ದೆಷ್ಟು?

ಈ ಪ್ರಶ್ನೆ ಹಳೆಯದು. ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರ (ನಮ್ಮ ಕೋಲಾರದ ಬಳಿಯ ನರಸಾಪುರವಲ್ಲ) ಕ್ರೋಶಾ ಲೇಸಿಗೆ ಹೆಸರಾದದ್ದು. 19ನೆಯ ಶತಮಾನದಲ್ಲಿ ಮಿಷನರಿಗಳಿಂದ ಆ ಸೀಮೆಗೆ ಬಂದ ಕಲೆ ಮನೆಮನೆಯ ಹೆಂಗಸರ ಕೈಸೇರಿ, ಅವರ ಕೆಲಸ ಹೊರದೇಶಗಳಿಗೆ ಹೋಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿ ಅಧ್ಯಯನ ನಡೆಸಿ 1982ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಅವರು ಎತ್ತಿ ತೋರಿದ ಅಂಶ ಸರಳ: ಆ ಮಹಿಳೆಯರನ್ನು ಕಾರ್ಮಿಕರೆಂದು ಎಣಿಸದೆ, ಬಿಡುವಿನಲ್ಲಿ ಕುಳಿತ ಗೃಹಿಣಿಯರೆಂದು ಭಾವಿಸಿದ್ದರಿಂದಲೇ ಅವರಿಗೆ ಅಷ್ಟು ಕಡಿಮೆ ಕೂಲಿ ಸಂದಿತು.

‘ಮನೆಯಲ್ಲೇ ಇರ್ತೀರಲ್ಲಮ್ಮ, ಕುಚ್ಚಿಗೆ ಇಷ್ಟೊಂದಾ?’ ಎಂದು ಚೌಕಾಸಿ ಮಾಡುವಾಗ ನಾವು ಹೇಳುವುದೂ ಅದನ್ನೇ. ಒಮ್ಮೆ ತಾನೇ ಒಂದು ತೋಳು ಹೆಣೆದ ಹುಡುಗಿ, ಅಥವಾ ಹುಡುಗ, ಆ ಮಾತನ್ನು ಮತ್ತೆ ಆಡಲಾರರು.

ಆದ್ದರಿಂದ ಹೆತ್ತವರಲ್ಲಿ ಒಂದು ವಿನಂತಿ. ಪರೀಕ್ಷೆ ಹತ್ತಿರವಿದ್ದರೆ ಟಾಪ್ ಬೇಸಿಗೆ ರಜೆಗೆ ಕಾಯಲಿ, ಆದರೆ ಬೇಡವೆನ್ನಬೇಡಿ. ದಿನಕ್ಕೊಂದು ಗಂಟೆಯಂತೆ ಕುಳಿತರೆ ಹೊಸಬರಿಗೂ ಒಂದು ತಿಂಗಳ ಕೆಲಸ. ಒಂದು ಕಡ್ಡಿ, ಒಂದು ಉಂಡೆ ಹತ್ತಿ ನೂಲು, ಅಳತೆ ಟೇಪು ಇದ್ದರೆ ಆರಂಭಿಸಬಹುದು. ತಪ್ಪಿದರೆ ಬಿಚ್ಚಿ ಅದೇ ದಾರದಲ್ಲಿ ಮತ್ತೆ ಹೆಣೆಯಬಹುದು. ಮಾದರಿ ತುಂಡಿನ ಲೆಕ್ಕವನ್ನು ಮಕ್ಕಳೇ ಮಾಡಲಿ. ಅಳೆಯಲು ಟೇಪಿನ ಇನ್ನೊಂದು ತುದಿಯನ್ನು ಅಪ್ಪನೋ ಅಮ್ಮನೋ ಹಿಡಿದರೆ ಸಾಕು.