ಕೂದಲಿನ ಮಾತ್ರೆ ನುಂಗಿದರೆ ಥೈರಾಯ್ಡ್ ರಿಪೋರ್ಟ್ ತಪ್ಪುವುದೇಕೆ?

ಯಲಹಂಕ ನ್ಯೂಟೌನಿನ ಒಂದು ಲ್ಯಾಬು, ಬೆಳಿಗ್ಗೆ ಏಳು ಗಂಟೆ. ನನಗಿಂತ ಮುಂದಿದ್ದ ಹೆಂಗಸನ್ನು ರಕ್ತ ತೆಗೆಯುವ ಹುಡುಗಿ ಕೇಳಿದಳು: "ಅಕ್ಕಾ, ಥೈರಾಯ್ಡ್ ಮಾತ್ರೆ ತಗೊಂಡು ಬಂದ್ರಾ?"

"ಇಲ್ಲಮ್ಮ, ರಕ್ತ ಕೊಟ್ಟ ಮೇಲೆ ತಗೊಳ್ತೀನಿ."

"ಕೂದಲು ಉದುರೋದಕ್ಕೆ ಏನಾದ್ರೂ?"

"ಅದು ತಗೋತಿದೀನಿ. ಬರೀ ವಿಟಮಿನ್ ಅಲ್ವಾ?"

ಹುಡುಗಿ ಸೂಜಿ ಕೆಳಗಿಟ್ಟಳು. "ಅದನ್ನ ಎರಡು ದಿನ ನಿಲ್ಲಿಸಿ ಬನ್ನಿ ಅಕ್ಕಾ."

ಆ ವಿಟಮಿನ್‌ನ ಹೆಸರು ಬಯೋಟಿನ್. ದಿನಕ್ಕೆ ನಮಗೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಕೂದಲಿನ ಮಾತ್ರೆಗಳಲ್ಲಿ 5 ಅಥವಾ 10 ಮಿಲಿಗ್ರಾಂ ಇರುವುದುಂಟು, ಅಂದರೆ ನೂರಾರು ಪಟ್ಟು. ದೇಹಕ್ಕೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ದಾರಿ ತಪ್ಪುವುದು ಯಂತ್ರ.

ಕತ್ತಿನ ಥೈರಾಯ್ಡ್ ಗ್ರಂಥಿ ಟಿ4 ಹಾರ್ಮೋನನ್ನು ಕಡಿಮೆ ಮಾಡಿದರೆ, ಮಿದುಳಿನ ಬುಡದಲ್ಲಿರುವ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಸುರಿಸಿ ಥೈರಾಯ್ಡನ್ನು ಎಬ್ಬಿಸುತ್ತದೆ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ನೂರು ಪಟ್ಟಿನಷ್ಟು ಏರಬಲ್ಲದು. ವೈದ್ಯರು ಮೊದಲು ಟಿಎಸ್‌ಎಚ್ ನೋಡುವುದು ಅದಕ್ಕೇ. ಆದರೆ ಅದು ಇರುವುದೆಷ್ಟು? ಆರೋಗ್ಯವಂತರ ಒಂದು ಲೀಟರ್ ಸೀರಮ್‌ನಲ್ಲಿ ಒಂದು ಗ್ರಾಂನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ.

ಇಷ್ಟು ಅಲ್ಪವನ್ನು ಅಳೆಯುವ ದಾರಿ ತೆರೆದವರು ನ್ಯೂಯಾರ್ಕಿನ ಭೌತವಿಜ್ಞಾನಿ ರೊಸಾಲಿನ್ ಯಾಲೊ ಮತ್ತು ವೈದ್ಯ ಸಾಲಮನ್ ಬರ್ಸನ್. 1950ರ ದಶಕದಲ್ಲಿ ಇನ್ಸುಲಿನ್ ಹಿಡಿಯಲು ಅವರು ಪ್ರತಿಕಾಯಗಳನ್ನೇ ಗಾಳವಾಗಿಸಿ, ವಿಕಿರಣ ಸೂಸುವ ಅಯೋಡಿನ್‌ನಿಂದ ಎಣಿಸಿದರು. ಯಾಲೊಗೆ 1977ರಲ್ಲಿ ನೊಬೆಲ್ ಬಂತು; ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. ಈಗ ವಿಕಿರಣದ ಜಾಗದಲ್ಲಿ ಬೆಳಕು ಬಂದಿದೆ.

ಹಳದಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಅರ್ಧ ಗಂಟೆ ಹೆಪ್ಪುಗಟ್ಟಿ, ಗಿರಗಿರನೆ ತಿರುಗಿದ ಮೇಲೆ ಕೆಂಪು ಕೆಳಗೆ ಕೂತು, ಜೆಲ್ ಪದರದ ಮೇಲೆ ತಿಳಿ ಹೊಂಬಣ್ಣದ ಸೀರಮ್ ನಿಲ್ಲುತ್ತದೆ. ಯಂತ್ರದೊಳಗೆ ಎರಡು ಪ್ರತಿಕಾಯಗಳು ಟಿಎಸ್‌ಎಚ್ ಅನ್ನು ಎರಡು ಕಡೆಯಿಂದ ಹಿಡಿಯುತ್ತವೆ. ಒಂದರ ಬಾಲದಲ್ಲಿ ಹೊಳೆಯುವ ರಾಸಾಯನಿಕ, ಇನ್ನೊಂದರಲ್ಲಿ ಬಯೋಟಿನ್. ಬಯೋಟಿನ್ ಕಂಡರೆ ಬಿಡದ ಸ್ಟ್ರೆಪ್ಟಾವಿಡಿನ್ ಲೇಪಿಸಿದ ಪುಟ್ಟ ಕಾಂತಮಣಿಗಳು ಈ ಜೋಡಿಯನ್ನು ಅಂಟಿಸಿಕೊಳ್ಳುತ್ತವೆ. ಆಯಸ್ಕಾಂತ ಮಣಿಗಳನ್ನು ಹಿಡಿದಿಡುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ಉಳಿದ ಬೆಳಕು ಹೆಚ್ಚಿದ್ದಷ್ಟೂ ಟಿಎಸ್‌ಎಚ್ ಹೆಚ್ಚು.

ಮಾತ್ರೆಯ ಬಯೋಟಿನ್ ರಕ್ತದಲ್ಲಿ ತುಂಬಿದ್ದರೆ? ಯಶವಂತಪುರದಲ್ಲಿ ಜನರಲ್ ಬೋಗಿಗೆ ಮೊದಲೇ ನುಗ್ಗಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಮಣಿಗಳೆಲ್ಲ ಅದರ ಪಾಲು. ಟಿಎಸ್‌ಎಚ್ ಜೋಡಿಗೆ ಜಾಗ ಸಿಗದೆ ತೊಳೆದುಹೋಗುತ್ತದೆ, ಬೆಳಕು ಮಂಕಾಗುತ್ತದೆ, ರಿಪೋರ್ಟಿನಲ್ಲಿ ಟಿಎಸ್‌ಎಚ್ ಕಡಿಮೆ. ಟಿ4 ತೀರಾ ಚಿಕ್ಕ ಅಣು, ಎರಡು ಪ್ರತಿಕಾಯ ಹಿಡಿಯುವಷ್ಟು ಜಾಗ ಅದರಲ್ಲಿಲ್ಲ. ಅದರದು ಪೈಪೋಟಿಯ ಲೆಕ್ಕ, ಬೆಳಕು ಕಡಿಮೆಯಾದರೆ ಟಿ4 ಹೆಚ್ಚೆಂದು ಅರ್ಥ. ಹಾಗಾಗಿ ಟಿ4 ಸುಳ್ಳೇ ಏರಿರುತ್ತದೆ. ಎರಡೂ ಸೇರಿದರೆ ಥೈರಾಯ್ಡ್ ಅತಿಯಾದವರ ಚಿತ್ರವೇ. ಥೈರಾಯ್ಡ್ ಕಡಿಮೆಯಿದ್ದವರ ಕೂದಲು ಉದುರುತ್ತದೆ, ಅದಕ್ಕೆ ಬಯೋಟಿನ್ ನುಂಗುತ್ತಾರೆ, ರಿಪೋರ್ಟ್ ನೋಡಿ ಥೈರಾಯ್ಡ್ ಮಾತ್ರೆಯನ್ನು ಇಳಿಸಿದರೆ ಕೂದಲು ಇನ್ನಷ್ಟು ಉದುರುತ್ತದೆ. ಈ ಸುತ್ತು ನನ್ನನ್ನು ಕಾಡುತ್ತದೆ.

ಎಲ್ಲ ಯಂತ್ರಗಳೂ ಬಯೋಟಿನ್ ನಂಬಿಲ್ಲ. ಕೆಲವು ಕಂಪನಿಗಳು ಕಿಟ್ ಬದಲಿಸಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ನಮ್ಮ ಲ್ಯಾಬುಗಳ ಫಾರ್ಮಿನಲ್ಲಿ "ಊಟ ಆಗಿದೆಯೇ" ಪಕ್ಕದಲ್ಲೇ "ಕೂದಲಿನ ಮಾತ್ರೆ ತಗೊಳ್ತೀರಾ" ಎಂಬ ಸಾಲೂ ಇರಬೇಕು. ಅಲ್ಲಿಯವರೆಗೆ ನಾವೇ ಹೇಳೋಣ, ಸೂಜಿ ಚುಚ್ಚುವ ಮೊದಲು.