ತಿಂಗಳ ಉತ್ತರಾರ್ಧ ಓದಿದ ವೈದ್ಯೆ

ಗರ್ಭಿಣಿಯ ಮೂತ್ರದಲ್ಲಿ ಏನೋ ಇದೆ ಎಂಬುದು 1920ರ ದಶಕದ ಕೊನೆಗೇ ಗೊತ್ತಾಗಿತ್ತು. ಬರ್ಲಿನ್ನಿನ ವೈದ್ಯರಾದ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಜೊಂಡೆಕ್ ಆ ಮೂತ್ರವನ್ನು ಪ್ರಾಯಕ್ಕೆ ಬಾರದ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಕೊಯ್ದು ನೋಡುತ್ತಿದ್ದರು. ಇಲಿಯ ಅಂಡಾಶಯ ಊದಿಕೊಂಡು ರಕ್ತದ ಚುಕ್ಕೆಗಳು ಎದ್ದಿದ್ದರೆ ಹೆಂಗಸು ಬಸುರಿ ಎಂದು ಲೆಕ್ಕ. ಪರೀಕ್ಷೆ ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತಿತ್ತು. ಅದರ ವಿವರಣೆ ಮಾತ್ರ ತಪ್ಪಾಗಿತ್ತು. ‘ಪ್ರೋಲಾನ್’ ಎಂದು ಹೆಸರು ಪಡೆದ ಆ ಪದಾರ್ಥ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ ಎಂದು ಅವರು ನಂಬಿದ್ದರು. ಅಂಡಾಶಯವನ್ನು ಕೆಣಕುವ ಹಾರ್ಮೋನು ಎಂದರೆ ಅದು ಪಿಟ್ಯುಟರಿಯದೇ ಇರಬೇಕು ಎಂಬುದು ಆ ಕಾಲಕ್ಕೆ ಸಹಜವಾದ ಊಹೆ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಈ ಊಹೆಯನ್ನು ಕೆಡವಿದವರಲ್ಲಿ ಒಬ್ಬರು ಆಗಷ್ಟೇ ವೈದ್ಯ ಪದವಿ ಮುಗಿಸಿದ್ದ ಹೆಣ್ಣುಮಗಳು. ಹೆಸರು ಜಾರ್ಜಿಯಾನಾ ಸೀಗರ್. 1912ರಲ್ಲಿ ಹೆರಿಗೆ ವೈದ್ಯರ ಮಗಳಾಗಿ ಹುಟ್ಟಿದ ಆಕೆ 1936ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ಎಂ.ಡಿ. ಪಡೆದರು. ಅದೇ ಸಂಸ್ಥೆಯಲ್ಲಿ ಜಾರ್ಜ್ ಗೈ ಎಂಬ ವಿಜ್ಞಾನಿ ಮನುಷ್ಯರ ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸುವ ಹಟಕ್ಕೆ ಬಿದ್ದಿದ್ದರು. ಮಾಸಿನ (ಪ್ಲಾಸೆಂಟಾ) ಅಂಗಾಂಶ ಅವರ ಗಾಜಿನ ಕೊಳವೆಗಳಲ್ಲಿ ಬದುಕಿ ಉಳಿಯಿತು. ಅದು ಬೆಳೆದ ದ್ರವವನ್ನು ಪರೀಕ್ಷಿಸಿದಾಗ ಅದೇ ‘ಪ್ರೋಲಾನ್’ ಸಿಕ್ಕಿತು. ಕೊಳವೆಯಲ್ಲಿ ತಾಯಿ ಇಲ್ಲ, ತಾಯಿಯ ಪಿಟ್ಯುಟರಿಯೂ ಇಲ್ಲ, ಇದ್ದದ್ದು ಮಾಸು ಒಂದೇ. ಆದ್ದರಿಂದ ಹಾರ್ಮೋನು ಮಾಸಿನದೇ. ಗೈ, ಸೀಗರ್ ಮತ್ತು ಲೂಯಿಸ್ ಹೆಲ್ಮನ್ ಹೆಸರಿನಲ್ಲಿ ಈ ಸಂಗತಿ 1938ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಜಾರ್ಜಿಯಾನಾಗೆ ಇಪ್ಪತ್ತಾರು ವರ್ಷ. ಇಂದು ಮೆಡಿಕಲ್ ಶಾಪಿನ ಕಿಟ್‌ನಲ್ಲಿ ಎರಡನೆಯ ಗೆರೆ ಮೂಡಿಸುವುದು ಅದೇ ಹಾರ್ಮೋನು, ಎಚ್‌ಸಿಜಿ.

ಜಾರ್ಜ್ ಗೈ ಹೆಸರು ಮುಂದೆ ಇನ್ನೊಂದು ಕಾರಣಕ್ಕೆ ಲೋಕಕ್ಕೆಲ್ಲ ಗೊತ್ತಾಯಿತು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕಂಠದ ಕ್ಯಾನ್ಸರ್ ಕೋಶಗಳು, ಆಕೆಯನ್ನು ಕೇಳದೆಯೇ, ಅವರ ಪ್ರಯೋಗಾಲಯ ಸೇರಿ ‘ಹೀಲಾ’ ಎಂಬ ಕೋಶಸಾಲು ಆದವು. ಹೆನ್ರಿಯೆಟಾರನ್ನು ಪರೀಕ್ಷಿಸಿ ಗೆಡ್ಡೆಯನ್ನು ಗುರುತಿಸಿದ ವೈದ್ಯರು ಹೊವಾರ್ಡ್ ಜೋನ್ಸ್. 1940ರಲ್ಲಿ ಜಾರ್ಜಿಯಾನಾ ಮದುವೆಯಾಗಿದ್ದು ಅವರನ್ನೇ. ಒಂದೇ ಆಸ್ಪತ್ರೆಯ ಕಾರಿಡಾರಿನಲ್ಲಿ ಎಷ್ಟೊಂದು ಚರಿತ್ರೆ ಸಿಕ್ಕಿಹಾಕಿಕೊಂಡಿತ್ತು!

1939ರಲ್ಲಿ, ಅಂದರೆ ಮದುವೆಗೆ ಮುನ್ನವೇ, ಹಾಪ್ಕಿನ್ಸ್‌ನ ಸಂತಾನೋತ್ಪತ್ತಿ ಪ್ರಯೋಗಾಲಯದ ಹೊಣೆ ಜಾರ್ಜಿಯಾನಾ ಕೈಗೆ ಬಂದಿತ್ತು. ಹಾರ್ಮೋನಿನ ತೊಂದರೆಯಿರುವ ಹೆಂಗಸರ ಹೊರರೋಗಿ ವಿಭಾಗವೂ ಅವರದೇ. ಸ್ತ್ರೀರೋಗ ತಜ್ಞರೆಂದರೆ ಆಗ ಮುಖ್ಯವಾಗಿ ಶಸ್ತ್ರಚಿಕಿತ್ಸಕರು. ಗೆಡ್ಡೆ ಇದ್ದರೆ ತೆಗೆಯುವುದು, ನಾಳ ಮುಚ್ಚಿದ್ದರೆ ಬಿಡಿಸಲು ನೋಡುವುದು ಅವರ ಕೆಲಸ. ಕೊಯ್ದರೆ ಕಾಣದ, ಕಾಲಕ್ಕೆ ಸರಿಯಾಗಿ ಏರಿ ಇಳಿಯುವ ಹಾರ್ಮೋನುಗಳ ಕಡೆಯಿಂದ ಬಂಜೆತನವನ್ನು ನೋಡುವವರು ಕಡಿಮೆ. ಜಾರ್ಜಿಯಾನಾ ಜೀವಮಾನವಿಡೀ ಮಾಡಿದ್ದು ಅದನ್ನು. ಅವರ ಹೆಸರನ್ನು ‘ಅಮೆರಿಕದ ಮೊದಲ ಪ್ರನಾಳ ಶಿಶು’ ಎಂಬ ತಲೆಬರಹದ ಕೆಳಗೆ ಮಾತ್ರ ಓದಿದವರಿಗೆ ಹಾಪ್ಕಿನ್ಸ್‌ನಲ್ಲಿ ಕಳೆದ ಈ ನಲವತ್ತು ವರ್ಷ ಕಾಣುವುದೇ ಇಲ್ಲ. ನನ್ನ ಮಟ್ಟಿಗೆ ಆ ಮಗುವಿನ ಕತೆಯ ಕೀಲಿ ಇರುವುದು ಗಾಜಿನ ತಟ್ಟೆಗಿಂತ ಹೆಚ್ಚಾಗಿ ಈ ನಲವತ್ತು ವರ್ಷದಲ್ಲಿ.

ಅದರ ಮೊದಲ ಭಾಗದಲ್ಲಿ 1949ರ ಒಂದು ಪ್ರಬಂಧವಿದೆ. ಋತುಚಕ್ರದ ಪೂರ್ವಾರ್ಧದಲ್ಲಿ ಅಂಡಾಣು ಬಲಿಯುತ್ತದೆ, ನಡುವೆ ಹೊರಬೀಳುತ್ತದೆ. ಅಂಡಾಣು ಹೊರಟುಹೋದ ಗೂಡು ಹಾಳು ಬೀಳುವುದಿಲ್ಲ. ಅದು ‘ಕಾರ್ಪಸ್ ಲ್ಯೂಟಿಯಂ’ ಎಂಬ ಹಳದಿ ಗಂಟಾಗಿ ಮಾರ್ಪಟ್ಟು, ಸುಮಾರು ಎರಡು ವಾರ ಪ್ರೊಜೆಸ್ಟಿರಾನ್ ಸುರಿಸುತ್ತದೆ. ಆ ಹಾರ್ಮೋನು ಗರ್ಭಾಶಯದ ಒಳಪದರವನ್ನು ಭ್ರೂಣ ಅಂಟಿಕೊಳ್ಳಲು ಹದಗೊಳಿಸುತ್ತದೆ. ಭ್ರೂಣ ಬಂದು ಅಂಟಿದರೆ ಅದರ ಎಳೆಯ ಮಾಸು ಎಚ್‌ಸಿಜಿ ಕಳಿಸುತ್ತದೆ. ಆರಲು ಹೊರಟ ದೀಪಕ್ಕೆ ಎಣ್ಣೆ ಎರೆದಂತೆ, ಅದು ಹಳದಿ ಗಂಟನ್ನು ಉಳಿಸಿಕೊಳ್ಳುತ್ತದೆ. ಎಚ್‌ಸಿಜಿ ಬಾರದಿದ್ದರೆ ಗಂಟು ಬಾಡಿ, ಪ್ರೊಜೆಸ್ಟಿರಾನ್ ಇಳಿದು, ಮುಟ್ಟಾಗುತ್ತದೆ.

ಕೆಲವು ಹೆಂಗಸರಲ್ಲಿ ಈ ಉತ್ತರಾರ್ಧವೇ ದುರ್ಬಲವಾಗಿರುತ್ತದೆ ಎಂದು ಜಾರ್ಜಿಯಾನಾ ವಾದಿಸಿದರು. ಅಂಡಾಣು ಬಿಡುಗಡೆಯಾಗುತ್ತದೆ, ಫಲವೂ ಕಟ್ಟಬಹುದು, ಆದರೆ ಒಳಪದರ ಹದಕ್ಕೆ ಬಂದಿರುವುದಿಲ್ಲ, ಹಾಗಾಗಿ ಗರ್ಭ ನಿಲ್ಲುವುದಿಲ್ಲ. ಇದಕ್ಕೆ ಅವರು ಕೂಡಿಹಾಕಿದ ಸಾಕ್ಷ್ಯ ಮೂರು ಬಗೆಯದು: ದಿನದಿನದ ದೇಹದ ಉಷ್ಣತೆ, ಮೂತ್ರದಲ್ಲಿ ಪ್ರೊಜೆಸ್ಟಿರಾನಿನ ಶೇಷ, ಗರ್ಭಾಶಯದ ಒಳಪದರದ ಚೂರು. ಚಿಕಿತ್ಸೆಯೂ ಸರಳ, ಕಡಿಮೆ ಬಿದ್ದ ಪ್ರೊಜೆಸ್ಟಿರಾನನ್ನು ಹೊರಗಿನಿಂದ ಕೊಡುವುದು. ಪದೇಪದೇ ಗರ್ಭ ಜಾರಿ, ‘ಹಣೆಬರಹ’ ಎಂಬ ಮಾತನ್ನಷ್ಟೇ ಕೇಳಿಕೊಂಡು ಬಂದವರಿಗೆ ಒಂದು ಕಾರಣ, ಒಂದು ಔಷಧಿ ಸಿಕ್ಕಂತಾಯಿತು.

ಇಲ್ಲಿ ಅವರನ್ನು ಹೊಗಳಿ ಮುಂದೆ ಹೋಗುವುದು ಸುಲಭ. ಆದರೆ ಮುಂದಿನ ತಲೆಮಾರಿನ ತಜ್ಞರು ಈ ಸಿದ್ಧಾಂತವನ್ನು ಪೂರ್ತಿ ಒಪ್ಪಲಿಲ್ಲ. ಒಳಪದರದ ಚೂರನ್ನು ನೋಡಿ ದಿನ ಹೇಳುವ ವಿಧಾನ ನಂಬುವಂಥದ್ದಲ್ಲ ಎಂದು ತೋರಿತು. ಮಕ್ಕಳಾಗಿರುವ ಆರೋಗ್ಯವಂತ ಹೆಂಗಸರಲ್ಲೂ ಅದೇ ‘ದೋಷ’ ಆಗಾಗ ಕಂಡಿತು. ಸಹಜ ಋತುಚಕ್ರದಲ್ಲಿ ಇದೊಂದೇ ಬಂಜೆತನಕ್ಕೆ ಕಾರಣ ಎಂಬುದು ಸಾಬೀತಾಗಿಲ್ಲ ಎಂಬುದೇ ಈಗಿನ ಅಧಿಕೃತ ನಿಲುವು. ಆದರೂ ಆ ಯೋಚನೆ ಸಾಯಲಿಲ್ಲ. ಅದು ಬೇರೆ ಬಾಗಿಲಿನಿಂದ ಮತ್ತೆ ಒಳಗೆ ಬಂತು.

1978ರಲ್ಲಿ ಹಾಪ್ಕಿನ್ಸ್‌ನಿಂದ ನಿವೃತ್ತರಾದ ದಂಪತಿ ವರ್ಜೀನಿಯಾದ ನಾರ್‌ಫೋಕ್‌ನ ಹೊಸ ವೈದ್ಯಕೀಯ ಕಾಲೇಜಿಗೆ ಹೊರಟರು. ಅವರು ಮನೆ ಬದಲಿಸುತ್ತಿದ್ದ ದಿನ, ಜುಲೈ 25ರಂದು, ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಆ ಸಾಧನೆಯ ಹಿಂದಿದ್ದ ರಾಬರ್ಟ್ ಎಡ್ವರ್ಡ್ಸ್ ಇವರಿಗೆ ಹೊಸಬರಲ್ಲ. 1965ರಲ್ಲಿ ಕೆಲವು ವಾರ ಹಾಪ್ಕಿನ್ಸ್‌ಗೆ ಬಂದು, ಇವರ ಜೊತೆ ಮನುಷ್ಯರ ಅಂಡಾಣುವನ್ನು ದೇಹದ ಹೊರಗೆ ಫಲಗೊಳಿಸಲು ಹೆಣಗಿದ್ದವರು. ಇಂಥದ್ದು ಇಲ್ಲಿಯೂ ಸಾಧ್ಯವೇ ಎಂದು ಸ್ಥಳೀಯ ವರದಿಗಾರರು ಕೇಳಿದಾಗ, ಬೇಕಾಗಿರುವುದು ದುಡ್ಡೊಂದೇ ಎಂದು ಹೊವಾರ್ಡ್ ತಮಾಷೆ ಬೆರೆಸಿ ಹೇಳಿದರು. ಜಾರ್ಜಿಯಾನಾರ ಚಿಕಿತ್ಸೆಯಿಂದ ಮಗು ಪಡೆದಿದ್ದ ಹಳೆಯ ರೋಗಿಯೊಬ್ಬರು ಅದನ್ನು ಓದಿ ಫೋನು ಮಾಡಿ ದುಡ್ಡು ಕೊಟ್ಟರು. ಕ್ಲಿನಿಕ್ಕಿನ ಅನುಮತಿಗಾಗಿ ನಡೆದ 1979ರ ಸಾರ್ವಜನಿಕ ವಿಚಾರಣೆಯಲ್ಲಿ ವಿರೋಧ ಜೋರಾಗಿಯೇ ಎದ್ದಿತು. ಅಂತೂ ಅನುಮತಿ ಸಿಕ್ಕಿ 1980ರ ಮಾರ್ಚ್‌ನಲ್ಲಿ ಕ್ಲಿನಿಕ್ ತೆರೆಯಿತು.

ಆ ವರ್ಷ 41 ಪ್ರಯತ್ನ. ಒಂದೂ ಗರ್ಭ ನಿಲ್ಲಲಿಲ್ಲ. ಲೂಯಿಸ್ ಬ್ರೌನ್ ಹುಟ್ಟಿದ್ದು ಸಹಜ ಚಕ್ರದ ಒಂದೇ ಅಂಡಾಣುವಿನಿಂದಾದ್ದರಿಂದ ನಾರ್‌ಫೋಕ್‌ನವರೂ ಅದೇ ದಾರಿ ಹಿಡಿದಿದ್ದರು. ಅಂಡಾಣು ಬಿಡುಗಡೆಯ ಗಳಿಗೆ ಹಿಡಿಯಲು ಹಗಲೂ ರಾತ್ರಿ ಕಾಯಬೇಕು. ಸಿಕ್ಕರೂ ಸಿಗುವುದು ಒಂದು, ಅದು ಕೈತಪ್ಪಿದರೆ ಮತ್ತೆ ಮುಂದಿನ ತಿಂಗಳು.

ಇಲ್ಲಿ ಜಾರ್ಜಿಯಾನಾ ಪಟ್ಟು ಹಿಡಿದರು. ಹಾರ್ಮೋನು ಕೊಟ್ಟು ಹಲವು ಅಂಡಾಣು ಒಟ್ಟಿಗೆ ಬಲಿಯುವಂತೆ ಮಾಡೋಣ ಎಂದರು. ಆ ದಾರಿಯನ್ನು ಎಡ್ವರ್ಡ್ಸ್ ಮತ್ತು ಅವರ ಜೊತೆಗಾರ ವೈದ್ಯ ಸ್ಟೆಪ್ಟೋ ಅದಾಗಲೇ ಪ್ರಯತ್ನಿಸಿ ಕೈಬಿಟ್ಟಿದ್ದರು. ಆಕೆ ಆರಿಸಿದ ಔಷಧಿ ಪರ್ಗೊನಾಲ್. ಮುಟ್ಟು ನಿಂತ ಹೆಂಗಸರ ಮೂತ್ರದಲ್ಲಿ ಪಿಟ್ಯುಟರಿ ಹಾರ್ಮೋನುಗಳು ಹೇರಳ. ಇಟಲಿಯ ಸೆರೋನೋ ಕಂಪನಿ ಅದನ್ನು ವಯಸ್ಸಾದ ಕ್ರೈಸ್ತ ಸನ್ಯಾಸಿನಿಯರಿಂದ ಸಂಗ್ರಹಿಸಿ ಶುದ್ಧಮಾಡಿ ಔಷಧಿಯಾಗಿಸಿತ್ತು. ಮಕ್ಕಳನ್ನು ಹೆರದೆ ಬದುಕಿದವರಿಂದ ಬಂದ ಔಷಧಿ ಇದು! ಪರ್ಗೊನಾಲ್‌ನಿಂದ ಅಂಡಾಣುಗಳು ಬಲಿತ ಮೇಲೆ, ಅವು ಹೊರಬೀಳುವ ಹೊತ್ತನ್ನು ವೈದ್ಯರೇ ನಿಗದಿ ಮಾಡಲು ಚುಚ್ಚುತ್ತಿದ್ದುದು ಎಚ್‌ಸಿಜಿಯನ್ನು. ಇಪ್ಪತ್ತಾರರ ಪ್ರಾಯದಲ್ಲಿ ಕೊಳವೆಯೊಳಗೆ ಪತ್ತೆಹಚ್ಚಿದ್ದ ಹಾರ್ಮೋನು ಅರವತ್ತೆಂಟರಲ್ಲಿ ಅವರ ಸಿರಿಂಜಿಗೆ ಬಂದಿತ್ತು.

1981ರಲ್ಲಿ, ಗರ್ಭನಾಳದಲ್ಲೇ ಗರ್ಭ ಕಟ್ಟಿ ಕಳೆದುಕೊಂಡಿದ್ದ ಶಿಕ್ಷಕಿ ಜೂಡಿತ್ ಕಾರ್ ಈ ಕ್ರಮದಲ್ಲಿ ಬಸುರಿಯಾದರು. ಡಿಸೆಂಬರ್ 28ರಂದು ಅಮೆರಿಕದ ಮೊದಲ ಪ್ರನಾಳ ಶಿಶು ಎಲಿಜಬೆತ್ ಕಾರ್ ಹುಟ್ಟಿದಳು. ಅಂಡಾಶಯವನ್ನು ಔಷಧಿಯಿಂದ ಪ್ರಚೋದಿಸುವ ದಾರಿಯಲ್ಲಿ ಆಸ್ಟ್ರೇಲಿಯಾದವರೂ ಅದೇ ಹೊತ್ತಿಗೆ ಬೇರೊಂದು ಔಷಧಿ ಹಿಡಿದು ನಡೆಯುತ್ತಿದ್ದರು. ಇವರೆಲ್ಲರಿಗಿಂತ ಮೊದಲು ಕೋಲ್ಕತ್ತದ ಸುಭಾಷ್ ಮುಖೋಪಾಧ್ಯಾಯರು ಹಾರ್ಮೋನು ಕೊಟ್ಟು ಅಂಡಾಣು ಪಡೆದು, ಭ್ರೂಣವನ್ನು ಶೈತ್ಯದಲ್ಲಿಟ್ಟು, ಇನ್ನೊಂದು ತಿಂಗಳು ಗರ್ಭಾಶಯಕ್ಕೆ ಸೇರಿಸಿದ್ದರು. ಆ ಮಗು ಹುಟ್ಟಿದ್ದು 1978ರ ಅಕ್ಟೋಬರ್ 3ರಂದು, ಲೂಯಿಸ್ ಬ್ರೌನ್‌ಗಿಂತ ಕೇವಲ ಎರಡು ತಿಂಗಳ ತರುವಾಯ. ಸರ್ಕಾರಿ ಸಮಿತಿ ಅವರ ಮಾತನ್ನು ತಳ್ಳಿಹಾಕಿತು. 1981ರ ಜೂನ್‌ನಲ್ಲಿ, ಜೂಡಿತ್ ಕಾರ್ ಗರ್ಭಿಣಿಯಾಗಿದ್ದ ತಿಂಗಳುಗಳಲ್ಲೇ, ಅವರು ತಮ್ಮ ಜೀವ ತಾವೇ ಕಳೆದುಕೊಂಡರು. ಅವರ ಟಿಪ್ಪಣಿಗಳನ್ನು ಓದಿ, ಮೊದಲ ಮನ್ನಣೆ ಅವರಿಗೇ ಸಲ್ಲಬೇಕೆಂದು 1997ರಲ್ಲಿ ಸಾರಿದವರು ಟಿ.ಸಿ. ಆನಂದ ಕುಮಾರ್. ಅಲ್ಲಿಯವರೆಗೆ ‘ಭಾರತದ ಮೊದಲಿಗರು’ ಎಂಬ ಪಟ್ಟ ಇದ್ದದ್ದು 1986ರ ಮುಂಬೈ ಪ್ರಯೋಗದ ವಿಜ್ಞಾನಿಯಾಗಿದ್ದ ಅದೇ ಆನಂದ ಕುಮಾರ್ ಮತ್ತು ಡಾ. ಇಂದಿರಾ ಹಿಂದುಜಾ ಅವರದು. ತಮ್ಮ ಪಟ್ಟವನ್ನು ತಾವೇ ಇನ್ನೊಬ್ಬರ ತಲೆಗಿಟ್ಟ ವಿಜ್ಞಾನಿಗಳು ನನಗೆ ಹೆಚ್ಚು ಗೊತ್ತಿಲ್ಲ. ಮುಂದೆ ಆನಂದ ಕುಮಾರ್ ಬೆಂಗಳೂರಿನಲ್ಲಿ ನೆಲೆಸಿ ಕ್ಲಿನಿಕ್ ನಡೆಸಿದರು.

ನಾರ್‌ಫೋಕ್‌ನಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಬರೆಯುವ ಒಂದೇ ದೊಡ್ಡ ಮೇಜಿತ್ತು. ವರದಿಗಾರರು ಹೊವಾರ್ಡ್ ಕಡೆಗೆ ಮೈಕು ಹಿಡಿಯುವುದು ಹೆಚ್ಚು. ಜಾರ್ಜಿಯಾನಾ 2005ರಲ್ಲಿ ತೀರಿಕೊಂಡರು. 2010ರ ನೊಬೆಲ್ ಎಡ್ವರ್ಡ್ಸ್ ಒಬ್ಬರಿಗೇ ಬಂತು.

ಇನ್ನು 1949ರ ಆ ಯೋಚನೆ. ಹಲವು ಅಂಡಾಣು ಒಟ್ಟಿಗೆ ಬಲಿಸಿದರೆ ಹಲವು ಹಳದಿ ಗಂಟುಗಳು ಹುಟ್ಟುತ್ತವೆ. ಅವು ಸುರಿಸುವ ಹಾರ್ಮೋನು ಅತಿಯಾಗಿ, ಪಿಟ್ಯುಟರಿ ತನ್ನ ಎಲ್‌ಎಚ್ ಹಾರ್ಮೋನನ್ನು ತಗ್ಗಿಸಿಬಿಡುತ್ತದೆ. ಹಳದಿ ಗಂಟು ಬದುಕುವುದು ಎಲ್‌ಎಚ್ ಬಲದಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಎಲ್‌ಎಚ್ ವಿರುದ್ಧದ ಪ್ರತಿಕಾಯಗಳನ್ನು ಪ್ರಾಣಿಗಳಿಗೆ ಕೊಟ್ಟು ವರ್ಷಗಟ್ಟಲೆ ಶೋಧಿಸಿದ್ದು ಈ ನಂಟನ್ನೇ. ಎಲ್‌ಎಚ್ ತಗ್ಗಿದಾಗ ಗಂಟುಗಳು ಬೇಗ ಸೊರಗಿ ಒಳಪದರ ಸಡಿಲುತ್ತದೆ. ಸಹಜ ಚಕ್ರದಲ್ಲಿ ಜಗಳಕ್ಕೆ ಬಿದ್ದ ಉತ್ತರಾರ್ಧದ ದೌರ್ಬಲ್ಯ ಪ್ರನಾಳ ಶಿಶು ಚಿಕಿತ್ಸೆಯಾದ ಐವಿಎಫ್‌ನಲ್ಲಿ ದಿಟವಾಗಿಯೇ ಎದುರಾಗುತ್ತದೆ. ಅದಕ್ಕೇ ಇಂದು ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ, ಭ್ರೂಣ ಸೇರಿಸಿದ ಮೇಲೆ ವಾರಗಟ್ಟಲೆ ಪ್ರೊಜೆಸ್ಟಿರಾನ್ ಬರೆದುಕೊಡುತ್ತಾರೆ. ಕೆಲವರಿಗೆ ಎಣ್ಣೆಯಲ್ಲಿ ಕಲಸಿದ ಇಂಜೆಕ್ಷನ್, ನೋವು ಹೆಚ್ಚು. ಕೆಲವರಿಗೆ ಜೆಲ್ ಅಥವಾ ಮಾತ್ರೆ.